ತೋಳದ ಮರಿಗಳೂ ಪಿಕಳಾರಗಳೂ

ಗಣರಾಜ್ಯೋತ್ಸವದ ಕವಾಯತಿನಲ್ಲಿ ಸ್ಕೌಟ್ ಬಾಲಕರೂ ಗೈಡ್ ಬಾಲಕಿಯರೂ ಕೊರಳಿಗೆ ಸ್ಕಾರ್ಫ್ ಧರಿಸಿ ಹೆಜ್ಜೆಹಾಕುವುದನ್ನು ನಾವೆಲ್ಲರೂ ನೋಡಿದ್ದೇವೆ. ಅವರ ಹಿಂದೆ, ಹೆಜ್ಜೆ ತಪ್ಪಿದರೂ ಉತ್ಸಾಹ ಕುಗ್ಗದೆ ನಡೆದುಬರುವ ಪುಟ್ಟ ಮಕ್ಕಳ ಸಾಲೊಂದು ಇರುತ್ತದೆ. ಹುಡುಗರಿಗೆ ಕಬ್ ಎಂದು ಹೆಸರು, ಹುಡುಗಿಯರಿಗೆ ಬುಲ್‌ಬುಲ್ ಎಂದು ಹೆಸರು. ನೋಡುವವರು ನಕ್ಕು ಚಪ್ಪಾಳೆ ತಟ್ಟುತ್ತಾರೆ. ದೊಡ್ಡವರ ಚಳವಳಿಗೆ ಅಂಟಿಕೊಂಡಿರುವ ಒಂದು ಅಲಂಕಾರವೆಂದು ಭಾವಿಸಿ ಮರೆತುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಸ್ಕೌಟ್ ಚಳವಳಿಯಲ್ಲಿ ಅತ್ಯಂತ ಆಳವಾದ ಶೈಕ್ಷಣಿಕ ವಿಚಾರ ಅಡಗಿರುವುದು ಈ ಚಿಕ್ಕವರ ವಿಭಾಗದಲ್ಲಿಯೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಂದಿರಾಗಿದ್ದಾರೆ. ಜೂನ್ ತಿಂಗಳು ಬಂತೆಂದರೆ ಅವರಲ್ಲಿ ಯಾರಾದರೊಬ್ಬರು ದೂರವಾಣಿ ಮಾಡಿ, "ಮೇಷ್ಟ್ರೇ, ಮಗುವನ್ನು ಶಾಲೆಯಲ್ಲಿ ಕಬ್‌ಗೆ ಸೇರಿಸಿ ಎನ್ನುತ್ತಿದ್ದಾರೆ. ಸೇರಿಸಿದರೆ ಮುಂದೆ ಏನಾದರೂ ಉಪಯೋಗವಾಗುತ್ತದೆಯೇ?" ಎಂದು ಕೇಳುವುದುಂಟು. ಉಪಯೋಗವೆಂದರೆ ಅಂಕ, ಪ್ರಮಾಣಪತ್ರ, ಸೀಟು ಎಂಬ ಅರ್ಥ ಆ ಪ್ರಶ್ನೆಯ ಒಳಗೇ ಇರುತ್ತದೆ. ಅದಕ್ಕೆ ಒಂದು ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಈ ಪದ್ಧತಿ ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು, ನಮ್ಮ ದೇಶಕ್ಕೆ ಯಾವ ಬಾಗಿಲಿನಿಂದ ಬಂತು ಎಂಬುದನ್ನು ತಿಳಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಆದ್ದರಿಂದ ಚರಿತ್ರೆಯಿಂದಲೇ ಆರಂಭಿಸುತ್ತೇನೆ.

ಸ್ಕೌಟ್ ಚಳವಳಿಯ ಮೂಲಪುರುಷ ರಾಬರ್ಟ್ ಬೇಡನ್ ಪೊವೆಲ್. ಆತ ಬ್ರಿಟಿಷ್ ಸೈನ್ಯದ ಅಧಿಕಾರಿ. ತನ್ನ ಸೈನಿಕ ಜೀವನವನ್ನು 1876ರಲ್ಲಿ ನಮ್ಮ ದೇಶದಲ್ಲಿಯೇ ಆರಂಭಿಸಿದವನು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮಾಫೆಕಿಂಗ್ ಎಂಬ ಊರನ್ನು 217 ದಿನಗಳ ಮುತ್ತಿಗೆಯಲ್ಲಿ ರಕ್ಷಿಸಿ ಹೆಸರಾದನು. ಆ ಮುತ್ತಿಗೆಯ ಕಾಲದಲ್ಲಿ ಊರಿನ ಹುಡುಗರು ಸುದ್ದಿ ಒಯ್ಯುವುದೇ ಮೊದಲಾದ ಕೆಲಸಗಳನ್ನು ಹೊಣೆಯರಿತು ಮಾಡಿದ್ದು ಆತನ ಮನಸ್ಸಿನಲ್ಲಿ ಉಳಿಯಿತು. ಹೊಣೆ ಕೊಟ್ಟರೆ ಹುಡುಗರು ಹೊರುತ್ತಾರೆ ಎಂಬ ನಂಬಿಕೆಯ ಬೀಜ ಅಲ್ಲಿಯದು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದು ಆತ ಪ್ರಾಯೋಗಿಕ ಶಿಬಿರ ನಡೆಸಿದನು. ಸಿರಿವಂತರ ಶಾಲೆಗಳ ಮಕ್ಕಳೂ ದುಡಿಯುವ ವರ್ಗದ ಮಕ್ಕಳೂ ಒಂದೇ ಗುಡಾರದಲ್ಲಿ ಮಲಗಿದ್ದು ಆ ಕಾಲದ ಇಂಗ್ಲೆಂಡಿಗೆ ಹೊಸ ಸಂಗತಿ. ಮರುವರ್ಷ, 1908ರಲ್ಲಿ, "ಸ್ಕೌಟಿಂಗ್ ಫಾರ್ ಬಾಯ್ಸ್" ಎಂಬ ಆತನ ಪುಸ್ತಕ ಕಂತುಗಳಲ್ಲಿ ಪ್ರಕಟವಾಯಿತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ದಳಗಳನ್ನು ಕಟ್ಟಿಕೊಂಡರು.

ತೊಡಕು ಎದುರಾದದ್ದು ಇಲ್ಲಿಯೇ. ಸಂಘಟನೆ ರೂಪುಗೊಂಡಂತೆ ಸುಮಾರು ಹನ್ನೊಂದು ವರ್ಷ ತುಂಬಿದ ಹುಡುಗರಿಗೆ ಮಾತ್ರ ಅದು ಮೀಸಲಾಯಿತು. ಅಣ್ಣಂದಿರು ಕೋಲು ಹಿಡಿದು, ಟೋಪಿ ತೊಟ್ಟು ಕಾಡಿಗೆ ಹೊರಟರೆ ಎಂಟೊಂಬತ್ತು ವರ್ಷದ ತಮ್ಮಂದಿರು ಸುಮ್ಮನೆ ಮನೆಯಲ್ಲಿ ಕುಳಿತಾರೆಯೇ? ಅವರೂ ಬೆನ್ನುಹತ್ತಿದರು. ಕೆಲವೆಡೆ ದಳದ ನಾಯಕರು ಕನಿಕರದಿಂದ ಅವರನ್ನು ಸೇರಿಸಿಕೊಂಡರು. ಆದರೆ ಹದಿನಾಲ್ಕರ ಹುಡುಗ ನಡೆಯುವಷ್ಟು ದೂರವನ್ನು ಎಂಟರ ಹುಡುಗ ನಡೆಯಲಾರ. ಚಿಕ್ಕವನಿಗಾಗಿ ಪಾಠವನ್ನು ಇಳಿಸಿದರೆ ದೊಡ್ಡವನಿಗೆ ಬೇಸರ. ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸಿದ ಏಕೋಪಾಧ್ಯಾಯ ಶಾಲೆಯ ಶಿಕ್ಷಕರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

1914ರಲ್ಲಿ ಬೇಡನ್ ಪೊವೆಲ್ ಸಂಸ್ಥೆಯ ಪತ್ರಿಕೆಯಲ್ಲಿ ಕಿರಿಯರಿಗಾಗಿ ಒಂದು ಯೋಜನೆಯನ್ನು ಪ್ರಕಟಿಸಿದನು. ದೊಡ್ಡವರ ಪಾಠಗಳನ್ನೇ ನೀರು ಬೆರೆಸಿ ತೆಳುಮಾಡಿದಂತಿದ್ದ ಆ ಯೋಜನೆ ಆತನಿಗೇ ತೃಪ್ತಿ ಕೊಡಲಿಲ್ಲ. ಆರು ವರ್ಷದ ಮಗುವೆಂದರೆ ಹನ್ನೆರಡು ವರ್ಷದ ಹುಡುಗನ ಅರ್ಧಭಾಗವಲ್ಲ. ಅದರ ಲೋಕವೇ ಬೇರೆ, ಅದರ ಕಲ್ಪನೆಯ ರೀತಿಯೇ ಬೇರೆ. ಅದಕ್ಕೆ ಬೇರೆಯೇ ಒಂದು ಕಥೆ ಬೇಕು. ಈ ತಿಳಿವಳಿಕೆ ಬರಲು ಇನ್ನೆರಡು ವರ್ಷ ಹಿಡಿಯಿತು. ಈ ಕೆಲಸದಲ್ಲಿ ಆತನಿಗೆ ನೆರವಾದವಳು ವೆರಾ ಬಾರ್ಕ್ಲೆ ಎಂಬ ತರುಣಿ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಗಂಡಸರು ರಣರಂಗಕ್ಕೆ ಹೋಗಿದ್ದರಿಂದ ಅನೇಕ ಊರುಗಳಲ್ಲಿ ಕಿರಿಯ ಹುಡುಗರನ್ನು ನೋಡಿಕೊಳ್ಳುವ ಹೊಣೆ ಹೆಂಗಸರ ಮೇಲೆ ಬಿದ್ದಿತ್ತು. ವೆರಾ ತನ್ನ ಹಳ್ಳಿಯಲ್ಲಿ ಇಂಥದೊಂದು ತಂಡವನ್ನು ನಡೆಸಿದ ಅನುಭವವುಳ್ಳವಳು. ಹೆಂಗಸರೇ ಈ ಕೆಲಸಕ್ಕೆ ಹೆಚ್ಚು ಯೋಗ್ಯರೆಂದು ಆಕೆ 1915ರಲ್ಲಿ ಲೇಖನ ಬರೆದಳು; 1916ರಲ್ಲಿ ಪ್ರಧಾನ ಕಚೇರಿಗೆ ಬಂದು ಕಬ್ ವಿಭಾಗದ ಹೊಣೆ ಹೊತ್ತಳು. ಕೇವಲ ಹುಡುಗರಿಗಾಗಿ ಒಬ್ಬ ಸೇನಾನಿ ಕಟ್ಟಿದ ಚಳವಳಿಯೊಳಗೆ ಹೆಣ್ಣಿನ ಕೈ ಹೀಗೆ ಪ್ರವೇಶಿಸಿತು. ಇಂದು ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕಬ್ ತಂಡಗಳನ್ನು ನಡೆಸುತ್ತಿರುವ ಶಿಕ್ಷಕಿಯರೆಲ್ಲರೂ ಒಂದು ಅರ್ಥದಲ್ಲಿ ಆಕೆಯ ಉತ್ತರಾಧಿಕಾರಿಗಳು.

ಮಕ್ಕಳಿಗೆ ಬೇಕಾಗಿದ್ದ ಆ ಕಥೆ ರಡ್ಯಾರ್ಡ್ ಕಿಪ್ಲಿಂಗ್‌ನ "ಜಂಗಲ್ ಬುಕ್" ಪುಸ್ತಕದಲ್ಲಿ ದೊರೆಯಿತು. 1894ರಲ್ಲಿ ಪ್ರಕಟವಾದ ಈ ಪುಸ್ತಕದ ಕಥೆಗಳನ್ನು ಬಳಸಿಕೊಳ್ಳಲು ಕಿಪ್ಲಿಂಗ್ ಸಂತೋಷದಿಂದ ಒಪ್ಪಿದನು. 1916ರ ಡಿಸೆಂಬರ್‌ನಲ್ಲಿ ಕಬ್‌ಗಳ ಕೈಪಿಡಿ ಹೊರಬಂತು. ಅದೇ ತಿಂಗಳು ಲಂಡನ್ನಿನ ವೆಸ್ಟ್‌ಮಿನ್ಸ್ಟರ್‌ನ ಕ್ಯಾಕ್ಸ್‌ಟನ್ ಸಭಾಂಗಣದಲ್ಲಿ "ವುಲ್ಫ್ ಕಬ್", ಅಂದರೆ ತೋಳದ ಮರಿಗಳು, ಎಂಬ ಹೆಸರಿನಲ್ಲಿ ಹೊಸ ವಿಭಾಗದ ಬಹಿರಂಗ ಪ್ರದರ್ಶನ ನಡೆಯಿತು.

1993ರಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತಿದ್ದ ನನ್ನ ವಿದ್ಯಾರ್ಥಿಗಳಿಗೆ ಮೌಗ್ಲಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅವರು ನೋಡಿದ್ದು ಜಪಾನಿನಲ್ಲಿ ತಯಾರಾಗಿ ಹಿಂದಿಗೆ ಬಂದ ಚಿತ್ರಮಾಲಿಕೆ. ಮೂಲಕಥೆ ನಡೆಯುವುದು ಇಂದಿನ ಮಧ್ಯಪ್ರದೇಶದ ಸಿವನಿ ಪ್ರದೇಶದ ಕಾಡುಗಳಲ್ಲಿ, ವೈನ್‌ಗಂಗಾ ನದಿಯ ದಂಡೆಯಲ್ಲಿ. ಕಿಪ್ಲಿಂಗ್ ಅದನ್ನು ಬರೆದದ್ದು ಮಾತ್ರ ಅಮೆರಿಕದ ವರ್ಮಾಂಟಿನ ಹಿಮದ ನಡುವೆ ಕುಳಿತು. ಹುಲಿಯ ಬಾಯಿಂದ ತಪ್ಪಿಸಿಕೊಂಡ ಮಗುವೊಂದನ್ನು ತೋಳಗಳ ಸಂಸಾರ ಸಾಕಿಕೊಳ್ಳುತ್ತದೆ. ತೋಳಗಳ ಸಭೆ ಸೇರುವ ಬಂಡೆಯ ಬಳಿ ಮಗುವನ್ನು ತಂದು ನಿಲ್ಲಿಸಿದಾಗ ಬಲೂ ಎಂಬ ಕರಡಿ ಅದರ ಪರವಾಗಿ ಮಾತನಾಡುತ್ತದೆ, ಬಘೀರ ಎಂಬ ಕರಿಚಿರತೆ ಒಂದು ಹೋರಿಯನ್ನು ಬೆಲೆಯಾಗಿ ತೆರುತ್ತದೆ, ಮಗು ಗುಂಪಿನದಾಗುತ್ತದೆ. ಕಬ್ ತಂಡದ ಇಡೀ ವ್ಯವಸ್ಥೆ ಈ ಒಂದು ದೃಶ್ಯದಿಂದ ಬೆಳೆದದ್ದು. ಹೊರಗಿನಿಂದ ಬಂದ ಒಂದು ಮಗು, ಅದರ ಪರವಾಗಿ ಮಾತನಾಡುವ ಹಿರಿಯರು, ಅದನ್ನು ತನ್ನದೆಂದು ಒಪ್ಪಿಕೊಳ್ಳುವ ಗುಂಪು, ಗುಂಪಿಗೆ ಒಂದು ನಿಯಮ.

ಹೆಸರುಗಳನ್ನು ಗಮನಿಸಿ. ಅಕೇಲಾ ಎಂದರೆ ಹಿಂದಿಯಲ್ಲಿ ಒಂಟಿ, ಏಕಾಕಿ. ಬಲೂ ಎಂಬುದು ಭಾಲೂ, ಅಂದರೆ ಕರಡಿ. ಬಘೀರದೊಳಗೆ ಬಾಘ್ ಇದೆ. ಹಾಥಿ ಆನೆ, ಚಿಲ್ ಎಂಬುದು ಹದ್ದು. ಮೌಗ್ಲಿ ಎಂಬ ಹೆಸರನ್ನು ಮಾತ್ರ ತಾನೇ ಕಲ್ಪಿಸಿದ್ದೆಂದು ಕಿಪ್ಲಿಂಗ್ ಹೇಳಿದ್ದಾನೆ. ಹೀಗೆ ನಮ್ಮ ಕಾಡಿನ ಹೆಸರುಗಳು ಸಮುದ್ರ ದಾಟಿ ಹೋಗಿ ಇಂಗ್ಲೆಂಡಿನ ಮಕ್ಕಳ ನಾಲಿಗೆಯ ಮೇಲೆ ಕುಳಿತವು. ತಂಡದ ಹಿರಿಯ ನಾಯಕ ಅಥವಾ ನಾಯಕಿಗೆ ಅಕೇಲಾ ಎಂದೇ ಹೆಸರಾಯಿತು. ಲಂಡನ್ನಿನ ಮಕ್ಕಳು ತಮ್ಮ ಶಿಕ್ಷಕಿಯನ್ನು ಹಿಂದಿಯ ಪದದಿಂದ ಕರೆಯುತ್ತಿದ್ದ ಅದೇ ವರ್ಷಗಳಲ್ಲಿ, ಆ ಭಾಷೆಯನ್ನಾಡುವ ಮಕ್ಕಳಿಗೆ ಭಾರತದ ಅಧಿಕೃತ ಸ್ಕೌಟ್ ಸಂಸ್ಥೆಯ ಬಾಗಿಲು ಮುಚ್ಚಿತ್ತು.

ಈ ಮಾತಿಗೆ ಸ್ವಲ್ಪ ವಿವರಣೆ ಬೇಕು. ಭಾರತದಲ್ಲಿ ಸ್ಕೌಟ್ ಚಳವಳಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಟಿ. ಹೆಚ್. ಬೇಕರ್ ಎಂಬವರು ಇಲ್ಲಿ ಮೊದಲ ದಳವನ್ನು ಕಟ್ಟಿದರು. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಹುಡುಗರಿಗೆ ಶಿಸ್ತು, ಸಂಕೇತ, ಗುಂಪುಕಟ್ಟುವಿಕೆಗಳನ್ನು ಕಲಿಸಿದರೆ ಮುಂದೆ ಅವರು ಯಾರ ವಿರುದ್ಧ ನಿಂತಾರು ಎಂಬ ಅಳುಕು ಆಳುವವರಲ್ಲಿತ್ತು.

ಬಾಗಿಲು ತೆರೆಯದಿದ್ದಾಗ ನಮ್ಮವರು ತಮ್ಮದೇ ಮನೆ ಕಟ್ಟಿದರು. 1910ರ ದಶಕದಲ್ಲಿ ಹಲವು ಕಡೆ ಈ ಕೆಲಸ ನಡೆಯಿತು. ಮಧ್ಯಪ್ರಾಂತದಲ್ಲಿ, ಅಂದರೆ ಮೌಗ್ಲಿಯ ಕಾಡುಗಳಿರುವ ಅದೇ ಸೀಮೆಯಲ್ಲಿ, ಭಾರತೀಯ ಹುಡುಗರಿಗಾಗಿ ಸ್ಕೌಟಿಂಗ್ ಬೆಳೆಸಿದವರು ವಿವಿಯನ್ ಬೋಸ್. ಅವರು ಮುಂದೆ ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1917ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಅವರು ಜಾರ್ಜ್ ಅರುಂಡೇಲ್ ಅವರ ನೆರವಿನಿಂದ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ಅಲ್ಲಿಯ ಹುಡುಗರು ಹ್ಯಾಟಿನ ಬದಲು ರುಮಾಲು ಸುತ್ತಿ, ನಮ್ಮ ನಾಡಿನ ಹಾಡುಗಳನ್ನು ಹಾಡಿದರು. ಮರಿಯಾ ಮಾಂಟೆಸ್ಸೊರಿಯವರನ್ನು 1939ರಲ್ಲಿ ಅಡ್ಯಾರಿಗೆ ಬರಮಾಡಿಕೊಂಡವರೂ ಇದೇ ಅರುಂಡೇಲ್ ಎಂಬುದನ್ನು ಶಿಕ್ಷಕರಾದವರು ನೆನೆಯಬೇಕು. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರು 1918ರಲ್ಲಿ ಅಲಹಾಬಾದಿನಲ್ಲಿ ಸೇವಾಸಮಿತಿ ಸ್ಕೌಟ್ ಸಂಘವನ್ನು ಕಟ್ಟಿದರು. ಕುಂಭಮೇಳದ ಜನಜಂಗುಳಿಯಲ್ಲಿ ಯಾತ್ರಿಕರ ಸೇವೆ ಮಾಡುವುದು ಈ ಸಂಘದ ಹುಡುಗರ ಕಾಯಕವಾಗಿತ್ತು.

1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಈ ಸಂಘಗಳನ್ನು ಒಂದುಗೂಡಿಸುವ ಮಾತುಕತೆ ನಡೆಯಿತು. ಆನಿ ಬೆಸೆಂಟ್ ಅವರ ಸಂಘ ಸೇರಿಕೊಂಡಿತು. ಭಾರತೀಯ ಬಾಲಕರಿಗೆ ಅಧಿಕೃತ ಪ್ರವೇಶ ದೊರೆಯಿತು. ಸೇವಾಸಮಿತಿಯವರು ಹೊರಗೇ ಉಳಿದರು. ದೇವರಿಗೂ ದೊರೆಗೂ ಕರ್ತವ್ಯ ಸಲ್ಲಿಸುವುದಾಗಿ ಹುಡುಗರು ವಚನ ಕೊಡಬೇಕಾಗಿದ್ದ ಕಾಲವದು. ದೂರದ ದೇಶದ ದೊರೆಯ ಹೆಸರಿನಲ್ಲಿ ನಮ್ಮ ಮಗು ಏಕೆ ವಚನ ಕೊಡಬೇಕು ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. 1937ರಲ್ಲಿ ಬೇಡನ್ ಪೊವೆಲ್ ಮತ್ತೆ ಬಂದು ಹೋದ ಮೇಲೆ ಭಾರತೀಯರ ಬಗೆಗೆ ಆತನಾಡಿದ ಮಾತುಗಳು ಇಲ್ಲಿ ತೀವ್ರ ಅಸಮಾಧಾನವನ್ನು ಹುಟ್ಟಿಸಿದವು. 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಷನ್ ರೂಪುಗೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಜವಾಹರಲಾಲ್ ನೆಹರೂ, ಶಿಕ್ಷಣಮಂತ್ರಿ ಮೌಲಾನಾ ಅಬುಲ್ ಕಲಾಂ ಆಜಾದ್, ಮಂಗಳದಾಸ ಪಕ್ವಾಸಾ ಮೊದಲಾದವರ ಪ್ರಯತ್ನದಿಂದ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ಹುಟ್ಟಿತು. ಹಿಂದೆ ಹೊರಗುಳಿದಿದ್ದ ಕುಂಜ್ರು ಅವರೇ ಅದರ ಮೊದಲ ರಾಷ್ಟ್ರೀಯ ಆಯುಕ್ತರಾದರು. 1951ರ ಆಗಸ್ಟ್ 15ರಂದು ಬಾಲಕಿಯರ ಗೈಡ್ ಸಂಘವೂ ಬಂದು ಸೇರಿತು. ವಚನದಲ್ಲಿ ದೊರೆಯ ಸ್ಥಾನಕ್ಕೆ ದೇಶ ಬಂತು.

ಹುಡುಗಿಯರ ಕಥೆ ಸ್ವಲ್ಪ ಭಿನ್ನವಾದುದು. ಇಂಗ್ಲೆಂಡಿನ ಗೈಡ್ ಚಳವಳಿಯಲ್ಲಿ 1914ರಲ್ಲಿ ಪುಟ್ಟ ಹುಡುಗಿಯರ ವಿಭಾಗಕ್ಕೆ ಮೊದಲು ರೋಸ್‌ಬಡ್, ಅಂದರೆ ಗುಲಾಬಿ ಮೊಗ್ಗು, ಎಂದು ಹೆಸರಿಟ್ಟರು. ಮೊಗ್ಗುಗಳೆಂದು ಕರೆಸಿಕೊಳ್ಳಲು ಮಕ್ಕಳೇ ಇಷ್ಟಪಡಲಿಲ್ಲ. ಆಮೇಲೆ, ಮನೆಯವರು ಮಲಗಿದ್ದಾಗ ಗುಟ್ಟಾಗಿ ಕೆಲಸ ಮಾಡಿಕೊಟ್ಟು ಹೋಗುವ ಜನಪದ ಕಥೆಯ ಪುಟ್ಟ ಜೀವಿಗಳ ನೆನಪಿನಲ್ಲಿ ಬ್ರೌನಿ ಎಂಬ ಹೆಸರು ಬಂತು. ಆ ಜೀವಿಗಳ ಕಥೆ ಭಾರತದ ಮಕ್ಕಳಿಗೆ ಅಪರಿಚಿತ. ಇಲ್ಲಿಯ ಹುಡುಗಿಯರನ್ನು ಮೊದಲು ಬ್ಲೂಬರ್ಡ್ ಎಂದು ಕರೆದರು. ಆಮೇಲೆ ಬುಲ್‌ಬುಲ್ ಎಂಬ ಹೆಸರು ನೆಲೆಯಾಯಿತು. ಬುಲ್‌ಬುಲ್ ಎಂದರೆ ನಮ್ಮ ಹಿತ್ತಿಲಿನ ಪಿಕಳಾರವೇ. ಕರಿಯ ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ, ಬೆಳಗಾಗುವ ಮೊದಲೇ ಮಾತಿಗೆ ಆರಂಭಿಸುವ ಹಕ್ಕಿ. ಏಳು ವರ್ಷದ ಹುಡುಗಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ.

ತೋಳದ ವಿಷಯ ಹಾಗಲ್ಲ. ನಮ್ಮ ಮಕ್ಕಳಿಗೆ ತೋಳವೆಂದರೆ ಕುರಿಕಾಯುವ ಹುಡುಗನ ಕಥೆಯ ಕಳ್ಳ. ಬಯಲುಸೀಮೆಯ ಕುರುಬರ ಮನೆಯ ಮಗುವಿಗೆ "ನೀನೊಂದು ತೋಳದ ಮರಿ" ಎಂದು ಹೇಳಿದರೆ ಅದು ಬೆರಗಾಗಿ ನಿಮ್ಮ ಮುಖ ನೋಡುತ್ತದೆ. ಆಗ ಮೌಗ್ಲಿಯ ಕಥೆಯನ್ನು ಹೇಳಬೇಕು. ತಾನು ಹೆದರುವ ಪ್ರಾಣಿಗೂ ಮನೆಯಿದೆ, ಮರಿಗಳಿವೆ, ನಿಯಮವಿದೆ ಎಂಬುದು ಮಗುವಿಗೆ ತಿಳಿಯಬೇಕು. ಅಷ್ಟರಮಟ್ಟಿಗೆ ಆ ಹೆಸರೇ ಒಂದು ಪಾಠ.

ಇನ್ನು ಈ ಪದ್ಧತಿ ನಡೆಯುವ ಕ್ರಮವನ್ನು ಹೇಳುತ್ತೇನೆ. ನಮ್ಮ ದೇಶದಲ್ಲಿ ಐದರಿಂದ ಹತ್ತು ವರ್ಷದೊಳಗಿನ ಬಾಲಕರು ಕಬ್‌ಗಳು, ಅದೇ ವಯಸ್ಸಿನ ಬಾಲಕಿಯರು ಬುಲ್‌ಬುಲ್‌ಗಳು. ಇನ್ನೂ ಚಿಕ್ಕವರಿಗೆ ಬನ್ನಿ ಎಂಬ ವಿಭಾಗ ಈಚೆಗೆ ಸೇರಿದೆ. ಕಬ್‌ಗಳ ತಂಡಕ್ಕೆ ಪ್ಯಾಕ್ ಎಂದೂ ಬುಲ್‌ಬುಲ್‌ಗಳ ತಂಡಕ್ಕೆ ಫ್ಲಾಕ್ ಎಂದೂ ಹೆಸರು. ಒಂದು ತೋಳಗಳ ಹಿಂಡು, ಇನ್ನೊಂದು ಹಕ್ಕಿಗಳ ಹಿಂಡು. ತುಂಬಿದ ತಂಡದಲ್ಲಿ ಇಪ್ಪತ್ನಾಲ್ಕು ಮಕ್ಕಳು. ಅವರನ್ನು ಆರಾರು ಮಂದಿಯ ಗುಂಪುಗಳಾಗಿ ವಿಂಗಡಿಸುತ್ತಾರೆ. ಗುಂಪಿಗೆ ಸಿಕ್ಸ್ ಎಂದು ಹೆಸರು, ಅದರ ಮುಖ್ಯಸ್ಥ ಸಿಕ್ಸರ್. ಇದು ಕ್ರಿಕೆಟ್ಟಿನ ಸಿಕ್ಸರ್ ಅಲ್ಲ. ಆರು ಜನರಲ್ಲಿ ಮೊದಲಿಗನೆಂದು ಅರ್ಥ. ಅವನಿಗೆ ಸಹಾಯಕನಾಗಿ ಸೆಕೆಂಡ್ ಎಂಬ ಇನ್ನೊಬ್ಬ.

ವಾರಕ್ಕೊಮ್ಮೆ ಸುಮಾರು ಒಂದು ಗಂಟೆ ತಂಡ ಸೇರುತ್ತದೆ. ಆರಂಭ ಗ್ರ್ಯಾಂಡ್ ಹೌಲ್ ಎಂಬ ವಿಧಿಯಿಂದ. ತೋಳಗಳು ಒಟ್ಟಾಗಿ ಊಳಿಡುವುದೆಂದು ಅದರ ಅರ್ಥ. ಮಕ್ಕಳು ಅಕೇಲಾರ ಸುತ್ತ ವೃತ್ತಾಕಾರವಾಗಿ ಕುಕ್ಕರಗಾಲಿನಲ್ಲಿ ಕುಳಿತು, ಬೆರಳುಗಳನ್ನು ಪಾದಗಳ ನಡುವೆ ನೆಲಕ್ಕೆ ತಾಗಿಸಿ, ತಮ್ಮ ಕೈಲಾದಷ್ಟೂ ಮಾಡುವೆವೆಂದು ಒಕ್ಕೊರಲಿನಿಂದ ಕೂಗಿ ಮೇಲಕ್ಕೆ ಜಿಗಿಯುತ್ತಾರೆ. ಜಿಗಿದಾಗ ಎರಡು ಕೈಗಳೂ ತಲೆಯ ಪಕ್ಕದಲ್ಲಿ ತೋಳದ ಕಿವಿಗಳಂತೆ ನಿಲ್ಲುತ್ತವೆ. ಆರಂಭದ ದಿನಗಳ ಕಬ್ ವಂದನೆಯಲ್ಲಿ ಎರಡೇ ಬೆರಳುಗಳನ್ನು ಬಳಸುತ್ತಿದ್ದುದೂ ಈ ಕಿವಿಗಳ ಸಂಕೇತವಾಗಿಯೇ. ಆಮೇಲೆ ಪ್ರಾರ್ಥನೆ, ಧ್ವಜವಂದನೆ, ಉಗುರು ಹಲ್ಲುಗಳ ಪರೀಕ್ಷೆ. ಅನಂತರ ಆಟ, ಕಥೆ, ಕೈಕೆಲಸ, ಒಂದೆರಡು ಗಂಟುಗಳ ಅಭ್ಯಾಸ, ಹಾಡು, ಕೊನೆಗೆ ಬೀಳ್ಕೊಡುಗೆ. ಕಬ್‌ನ ನಿಯಮಗಳು ಎರಡೇ ಎರಡು: ಹಿರಿಯರ ಮಾತಿಗೆ ನಡೆಯುವುದು, ಶುಚಿಯಾಗಿಯೂ ವಿನಯದಿಂದಲೂ ಇರುವುದು. ಐದು ವರ್ಷದ ಮಗುವಿಗೆ ಹತ್ತು ನಿಯಮ ಕೊಟ್ಟರೆ ಒಂದೂ ಉಳಿಯುವುದಿಲ್ಲವೆಂಬುದನ್ನು ಇದನ್ನು ರೂಪಿಸಿದವರು ಬಲ್ಲವರಾಗಿದ್ದರು. ಅದರ ಜೊತೆಗೆ ದಿನಕ್ಕೊಂದು ಒಳ್ಳೆಯ ಕೆಲಸ ಮಾಡುವ ವಚನ.

ಆಟಗಳಲ್ಲಿ ಒಂದನ್ನು ವಿವರಿಸಲೇಬೇಕು. ಅದರ ಹೆಸರು ಕಿಮ್ ಆಟ. ಕಿಪ್ಲಿಂಗ್‌ನ "ಕಿಮ್" ಕಾದಂಬರಿಯಲ್ಲಿ ಸಿಮ್ಲಾದ ರತ್ನವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ನಡೆಯುವ ನೆನಪಿನ ಆಟವೇ ಇದರ ಮೂಲ. ತಟ್ಟೆಯೊಂದರಲ್ಲಿ ಇಪ್ಪತ್ತು ಇಪ್ಪತ್ನಾಲ್ಕು ವಸ್ತುಗಳನ್ನಿಟ್ಟು ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚುತ್ತಾರೆ. ನೋಡಿದ್ದನ್ನು ನೆನಪಿನಿಂದ ಹೇಳಬೇಕು. ನಮ್ಮ ಶಾಲೆಯಲ್ಲಿ ರತ್ನಗಳೆಲ್ಲಿಂದ ಬರಬೇಕು? ಹುಣಸೆಬೀಜ, ಅಂಗಿಯ ಗುಂಡಿ, ಬೀಗದ ಕೈ, ಗೋಲಿ, ಅಡಿಕೆ, ಸೀಮೆಸುಣ್ಣದ ಚೂರು, ನಾಲ್ಕಾಣೆ ನಾಣ್ಯ ಇವುಗಳೇ ಸಾಕಾಗುತ್ತಿದ್ದವು. ತರಗತಿಯಲ್ಲಿ ಎಂದೂ ಬಾಯಿ ಬಿಡದಿದ್ದ, ಮಗ್ಗಿಯಲ್ಲಿ ಸದಾ ಹಿಂದೆ ಬೀಳುತ್ತಿದ್ದ ಹುಡುಗನೊಬ್ಬ ಈ ಆಟದಲ್ಲಿ ಒಂದೂ ತಪ್ಪದೆ ಎಲ್ಲವನ್ನೂ ಹೇಳಿದ್ದು ನನಗೆ ನೆನಪಿದೆ. ಸಂಜೆ ಹೊತ್ತು ತಂದೆಯ ಕಿರಾಣಿ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದ ಮಗು ಅದು. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಅವನಿಗೆ ಕಣ್ಣುಮುಚ್ಚಿದರೂ ತಿಳಿದಿರುತ್ತಿತ್ತು. ನಾವು ಬುದ್ಧಿಯನ್ನು ಅಳೆಯುತ್ತಿದ್ದ ಅಳತೆಗೋಲಿನಲ್ಲಿ ಆ ಬುದ್ಧಿಗೆ ಗೆರೆಯೇ ಇರಲಿಲ್ಲ. ಮುಂದಿನ ತಿಂಗಳು ಅವನು ಸಿಕ್ಸರ್ ಆದನು. ಐದು ಮಕ್ಕಳು ತನ್ನ ಮಾತಿಗೆ ಕಾಯುತ್ತಿದ್ದಾರೆಂದು ತಿಳಿದ ಮೇಲೆ ಅವನಿಗೆ ಮಾತು ಬಂತು.

ಕಬ್ ಪದ್ಧತಿಯ ಹೃದಯವಿರುವುದು ಇಲ್ಲಿ. ಸ್ಕೌಟ್‌ಗಳ ಧ್ಯೇಯವಾಕ್ಯ ಸಿದ್ಧನಾಗಿರು ಎಂಬುದು. ಕಬ್ ಮತ್ತು ಬುಲ್‌ಬುಲ್‌ಗಳ ಧ್ಯೇಯವಾಕ್ಯ ಅದಲ್ಲ. ಹಿಂದಿಯಲ್ಲಿ "ಕೋಶಿಶ್ ಕರೋ", ಅಂದರೆ ಪ್ರಯತ್ನ ಮಾಡು. ಗೆಲ್ಲು ಎಂದಾಗಲಿ, ಎಲ್ಲರಿಗಿಂತ ಮುಂದಿರು ಎಂದಾಗಲಿ ಇಲ್ಲಿ ಹೇಳಿಲ್ಲ. ಕಬ್‌ಗಳಿಗೆ ಪ್ರವೇಶದ ಬಳಿಕ ಪ್ರಥಮ ಚರಣ, ದ್ವಿತೀಯ ಚರಣ, ತೃತೀಯ ಚರಣ, ಚತುರ್ಥ ಚರಣ ಎಂಬ ಮೆಟ್ಟಿಲುಗಳಿವೆ. ಬುಲ್‌ಬುಲ್‌ಗಳಿಗೆ ಕೋಮಲ ಪಂಖ, ರಜತ ಪಂಖ, ಸ್ವರ್ಣ ಪಂಖ, ಹೀರಕ ಪಂಖ ಎಂಬ ರೆಕ್ಕೆಗಳಿವೆ. ಎರಡು ದಾರಿಗಳ ಕೊನೆಯಲ್ಲೂ ಇರುವುದು ಗೋಲ್ಡನ್ ಆರೋ ಎಂಬ ಬಿಲ್ಲೆ. ಆದರೆ ಯಾವ ಮೆಟ್ಟಿಲಿನಲ್ಲಿಯೂ ಪ್ರಥಮ ಸ್ಥಾನ, ದ್ವಿತೀಯ ಸ್ಥಾನ ಎಂಬುದಿಲ್ಲ. ಗಂಟು ಹಾಕಲು ಕಲಿತವರಿಗೆಲ್ಲ ಬಿಲ್ಲೆ. ಒಬ್ಬನಿಗೆ ಒಂದು ವಾರ ಹಿಡಿಯಬಹುದು, ಇನ್ನೊಬ್ಬಳಿಗೆ ಎರಡು ತಿಂಗಳು ಹಿಡಿಯಬಹುದು. ಬಿಲ್ಲೆಯ ಬಣ್ಣ ಒಂದೇ. ಒಂದು ಮಗು ಗೆದ್ದರೆ ಇನ್ನೊಂದು ಸೋಲಲೇಬೇಕು ಎಂಬ ಏರ್ಪಾಡು ನಮ್ಮ ಶಾಲೆಗಳ ಪರೀಕ್ಷೆಯಲ್ಲಿದೆ, ಪ್ರತಿಭಾ ಸ್ಪರ್ಧೆಗಳಲ್ಲಿದೆ, ಕ್ರೀಡಾಕೂಟದಲ್ಲಿದೆ. ಕಬ್‌ಗಳ ವೃತ್ತದಲ್ಲಿ ಮಾತ್ರ ಇಲ್ಲ. ವೃತ್ತಕ್ಕೆ ಮುಂದಿನ ಬೆಂಚು ಹಿಂದಿನ ಬೆಂಚು ಎಂಬುದೂ ಇಲ್ಲ.

ಈ ತಿರುಳು ಸುಲಭವಾಗಿ ಕಳೆದುಹೋಗುವಂಥದು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳೂ ಕಬ್ ಸ್ಕೌಟ್‌ಗೆ ಹೋಗುತ್ತಾರೆ. ಅಲ್ಲಿ ಈ ವಿಭಾಗ ಆರಂಭವಾದದ್ದು 1930ರಲ್ಲಿ. ಹುಡುಗಿಯರಿಗೆ ಪ್ರವೇಶ ದೊರೆತದ್ದು 2018ರಲ್ಲಿ. ಸಂಸ್ಥೆಯ ಹೆಸರೂ 2025ರಲ್ಲಿ ಸ್ಕೌಟಿಂಗ್ ಅಮೆರಿಕ ಎಂದು ಬದಲಾಯಿತು. ಸಿಂಹ, ಹುಲಿ, ತೋಳ, ಕರಡಿ ಎಂದು ತರಗತಿಗೊಂದು ಹೆಸರು. ಅಲ್ಲಿ ಪೈನ್‌ವುಡ್ ಡರ್ಬಿ ಎಂಬ ಸೊಗಸಾದ ಆಟವೊಂದಿದೆ. 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಾನ್ ಮರ್ಫಿ ಎಂಬ ತಂದೆ ತನ್ನ ಮಗನ ತಂಡಕ್ಕಾಗಿ ಕಲ್ಪಿಸಿದ್ದು. ಸುಮಾರು ಏಳು ಅಂಗುಲದ ಮರದ ತುಂಡೊಂದನ್ನು ಮಗು ತಾನೇ ಕೆತ್ತಿ, ಚಕ್ರ ಜೋಡಿಸಿ, ಇಳಿಜಾರಿನಲ್ಲಿ ಓಡಿಸಬೇಕು. ತೂಕ ಐದು ಔನ್ಸ್ ಮೀರಬಾರದು. ತಂದೆಯೂ ಮಗುವೂ ಒಟ್ಟಿಗೆ ಕುಳಿತು ಕೆಲಸ ಮಾಡಲೆಂದು ಹುಟ್ಟಿದ ಆಟವಿದು. ಕೆಲವು ಮನೆಗಳಲ್ಲಿ ಬಂಡಿಯನ್ನು ಪೂರ್ತಿ ತಂದೆಯೇ ಮಾಡುತ್ತಾನಂತೆ, ಮಗು ಬಣ್ಣ ಬಳಿಯುವುದಂತೆ. ನಗಲು ನಮಗೆ ಹಕ್ಕಿಲ್ಲ. ನಮ್ಮ ಊರುಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಮಾದರಿಗಳನ್ನು ಯಾರು ಮಾಡುತ್ತಾರೆಂಬುದನ್ನು ಬಲ್ಲೆವು. ಮಗುವಿನ ಪ್ರಯತ್ನವನ್ನು ನಾವು ಕಸಿದುಕೊಂಡ ಕ್ಷಣದಲ್ಲಿಯೇ ಕಬ್ ಪದ್ಧತಿ ಮುಗಿದುಹೋಗುತ್ತದೆ, ಸಮವಸ್ತ್ರ ಮಾತ್ರ ಉಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಈ ಚಳವಳಿಗೆ ಬಲವಾದ ಬೇರುಗಳಿವೆ. ಸ್ವಾತಂತ್ರ್ಯ ಹೋರಾಟಗಾರರೂ ಸಚಿವರೂ ಆಗಿದ್ದ ಕೊಂಡಜ್ಜಿ ಬಸಪ್ಪನವರು ತಮ್ಮ ಆಯುಷ್ಯದ ಬಹುಭಾಗವನ್ನು ಇದಕ್ಕೆ ಕೊಟ್ಟರು; ಅವರ ಊರಾದ ಕೊಂಡಜ್ಜಿಯಲ್ಲಿ ತರಬೇತಿ ಕೇಂದ್ರವಿದೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಪತ್ರಿಕೆಗಳ ಪುಟಗಳು ತುಂಬಿಹೋದವು. ಅಂಥ ಮಹಾಮೇಳಗಳು ಬೇಕು. ಆದರೆ ಶನಿವಾರದ ಮಧ್ಯಾಹ್ನ ಹಳ್ಳಿಯ ಶಾಲೆಯೊಂದರ ಬೇವಿನ ಮರದಡಿಯಲ್ಲಿ ಇಪ್ಪತ್ನಾಲ್ಕು ಮಕ್ಕಳ ವೃತ್ತ ನಿಲ್ಲುವುದು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಅದನ್ನು ನಡೆಸುವ ಶಿಕ್ಷಕಿಗೆ ಬಿಸಿಯೂಟದ ಲೆಕ್ಕ, ಗಣತಿಯ ಕೆಲಸ, ತರಬೇತಿ ಎಲ್ಲ ಮುಗಿದು ಉಳಿದ ಒಂದು ಗಂಟೆಯನ್ನು ಕೊಡಬೇಕು. ಆ ಗಂಟೆ ಇಲ್ಲವಾದರೆ ದಾಖಲೆಯಲ್ಲಿ ಪ್ಯಾಕ್ ಇರುತ್ತದೆ, ಬೀರುವಿನಲ್ಲಿ ಸ್ಕಾರ್ಫ್‌ಗಳಿರುತ್ತವೆ, ಆಗಸ್ಟ್ ಹದಿನೈದಕ್ಕೆ ಮಕ್ಕಳು ಹೆಜ್ಜೆ ಹಾಕುತ್ತಾರೆ. ಮೌಗ್ಲಿಯ ಕಥೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಬಾಗಿಲು ಮುಚ್ಚಿದ್ದಾಗ ತಮ್ಮದೇ ಮನೆ ಕಟ್ಟಿದ ಹಿರಿಯರ ದೇಶದಲ್ಲಿ, ಬಾಗಿಲು ತೆರೆದ ಮೇಲೆ ಮನೆ ಖಾಲಿಯಾಗಬಾರದು.

ಈಗ ಆ ದೂರವಾಣಿಯ ಪ್ರಶ್ನೆಗೆ ಬರುತ್ತೇನೆ. ಹಿರಿಯ ವಿಭಾಗಗಳ ಪುರಸ್ಕಾರಗಳಿಗೆ ಕಾಲೇಜು ಪ್ರವೇಶದಲ್ಲಿಯೂ ರೈಲ್ವೆ ನೇಮಕಾತಿಯಲ್ಲಿಯೂ ಕೆಲವು ಅವಕಾಶಗಳುಂಟು. ಏಳು ವರ್ಷದ ಮಗುವಿಗೆ ಆ ಲೆಕ್ಕ ಬೇಡ. ಸೇರಿಸುವ ಮೊದಲು ಒಂದು ದಿನ ಹೋಗಿ ದೂರದಲ್ಲಿ ನಿಂತು ನೋಡಿರಿ. ವಾರಕ್ಕೊಮ್ಮೆಯಾದರೂ ತಂಡ ಸೇರುತ್ತದೆಯೇ, ಮಕ್ಕಳು ಆಡುತ್ತಾರೆಯೇ ಅಥವಾ ಬರೀ ಕವಾಯತು ಮಾಡುತ್ತಾರೆಯೇ, ಸಿಕ್ಸರ್ ಆದ ಮಗುವಿಗೆ ನಿಜವಾದ ಹೊಣೆಯಿದೆಯೇ, ಗಂಟು ಬಾರದ ಮಗುವನ್ನು ಪಕ್ಕದ ಮಗು ಕೂರಿಸಿಕೊಂಡು ಕಲಿಸುತ್ತಿದೆಯೇ ಎಂಬುದನ್ನು ಗಮನಿಸಿರಿ. ಇವುಗಳಲ್ಲಿ ಎರಡು ಮೂರಾದರೂ ಕಂಡರೆ ಯೋಚಿಸದೆ ಸೇರಿಸಿರಿ. ಮಗು ಮನೆಗೆ ಬಂದಾಗ "ಯಾರಿಗೆ ಫಸ್ಟ್ ಬಂತು?" ಎಂದು ಮಾತ್ರ ಕೇಳಬೇಡಿರಿ. ಇವತ್ತು ಯಾವ ಆಟವಾಡಿದೆ, ಯಾರಿಗೆ ಸಹಾಯ ಮಾಡಿದೆ ಎಂದು ಕೇಳಿರಿ. ಸಾಧ್ಯವಾದರೆ, ಹತ್ತಿರದ ಶಾಲೆಯ ತಂಡಕ್ಕೆ ತಿಂಗಳಿಗೊಂದು ಶನಿವಾರ ಹೋಗಿ ಒಂದು ಕಥೆ ಹೇಳಿ ಬನ್ನಿರಿ. ನಿಮ್ಮಲ್ಲಿ ಅನೇಕರು ಆ ವೃತ್ತದಲ್ಲಿ ನಿಂತವರೇ. ಏನು ಹೇಳಬೇಕೆಂಬುದು ನಿಮಗೆ ಗೊತ್ತಿದೆ.